ಇಂಗ್ಲಿಷ್ ಮೇಷ್ಟರ ಕನ್ನಡ ಕಾದಂಬರಿ

ಮೇಷ್ಟರಿಕೆಯು ಸಾಹಿತಿಯನ್ನು ಕೆಡಿಸುತ್ತದೆಂಬ ಮಾತು ನಮ್ಮಲ್ಲಿ ಹಳೆಯದು. ವರುಷ ವರುಷವೂ ಅದೇ ಪಾಠ, ಅದೇ ಉತ್ತರಪತ್ರಿಕೆ. ಇವುಗಳ ನಡುವೆ ಕಾದಂಬರಿ ಹುಟ್ಟುವುದೆಂತು? ಹೀಗೆ ಕೇಳುವವರಿಗೆ ನಾನು ಯು. ಆರ್. ಅನಂತಮೂರ್ತಿಯವರ ಹೆಸರನ್ನು ಹೇಳುತ್ತೇನೆ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಓದಿ ಇಂಗ್ಲಿಷ್ ಅಧ್ಯಾಪಕರಾದರು. ಮುಂದೆ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿನ ಗುರುಗಳು ಮಾಲ್ಕಮ್ ಬ್ರಾಡ್ಬರಿ, ಅವರೂ ಕಾದಂಬರಿಕಾರರೇ. ಇಬ್ಬರೂ ಕೂಡಿ ಬರ್ಗ್‌ಮನ್ನರ ‘ಸೆವೆಂತ್ ಸೀಲ್’ ಚಿತ್ರವನ್ನು ನೋಡಿದರು. ಯೂರೋಪಿನವರು ಮಧ್ಯಯುಗವನ್ನು ಓದಿ ಕಲ್ಪಿಸಿಕೊಳ್ಳಬೇಕು, ನಮ್ಮಲ್ಲಾದರೋ ಅದು ಇಂದಿನ ಬದುಕಿನೊಡನೆಯೇ ಉಳಿದಿದೆಯೆಂದು ಶಿಷ್ಯರು ಹೇಳಲು, ಅದನ್ನೇ ಬರೆಯಬೇಕೆಂದು ಗುರುಗಳು ಸೂಚಿಸಿದರಂತೆ.

ಹೀಗೆ ಹುಟ್ಟಿದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪನ ಹೆಣ ಬಿದ್ದಿದೆ. ದಹನ ಮಾಡುವವರು ಯಾರು? ಪಂಡಿತ ಪ್ರಾಣೇಶಾಚಾರ್ಯರ ಗ್ರಂಥಗಳಲ್ಲಿ ಉತ್ತರವಿಲ್ಲ. 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಬಂದದ್ದು ಮರುವರ್ಷ, 1966ರಲ್ಲಿ.

ಅಗ್ರಹಾರದೊಳಗೇ ಕುಳಿತಿದ್ದರೆ ಅದನ್ನು ಇಷ್ಟು ನಿಷ್ಠುರವಾಗಿ ಕಾಣುವುದು ಕಷ್ಟವಿತ್ತೆಂದೇ ನನ್ನ ನಂಬಿಕೆ. ಆ ದೂರವನ್ನು ಒದಗಿಸಿದ್ದು ಅವರ ವೃತ್ತಿ. 1987ರಲ್ಲಿ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1994ರ ಜ್ಞಾನಪೀಠವೂ ಬಂದಿತು. 2014ರಲ್ಲಿ ತೀರಿಕೊಂಡರು. ಇಂಗ್ಲಿಷ್ ಕಲಿತ ಮಗುವಿಗೆ ಕನ್ನಡವೇಕೆಂದು ಕೇಳುವ ತಂದೆತಾಯಿಗಳು ಒಂದನ್ನು ಗಮನಿಸಬೇಕು: ಜೀವಮಾನವೆಲ್ಲ ಇಂಗ್ಲಿಷನ್ನು ಬೋಧಿಸಿದ ಈ ಮೇಷ್ಟರು ತಮ್ಮ ಕಾದಂಬರಿಗಳನ್ನೆಲ್ಲ ಬರೆದದ್ದು ಕನ್ನಡದಲ್ಲಿ.