ಅಟ್ಟವಿದ್ದ ಮನೆಯ ನೆಮ್ಮದಿ

ಪರವೂರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಈಚೆಗೆ ಬರೆಯುವಾಗಲೆಲ್ಲ ಎರಡು ಮಾತುಗಳನ್ನು ಕೇಳುತ್ತಾರೆ. ಮೊದಲನೆಯದು, "ಊರಿನ ಹೆಂಚಿನ ಮನೆಯನ್ನು ಕೊಡುವುದೆಂದು ನಿಶ್ಚಯವಾಗಿದೆ, ಒಳಗಿನ ಸಾಮಾನುಗಳನ್ನು ಏನು ಮಾಡೋಣ ಸರ್?" ಎಂಬುದು. ಎರಡನೆಯದು, "ಅಜ್ಜಿಯ ಕಾಲದಲ್ಲಿ ಹತ್ತು ಹನ್ನೆರಡು ಜನರಿದ್ದರೂ ಆ ಮನೆ ವಿಶಾಲವಾಗಿ ಕಾಣುತ್ತಿತ್ತು, ನಾವು ಮೂವರೇ ಇರುವ ಫ್ಲಾಟು ಏಕೆ ಹೀಗೆ ಉಸಿರುಗಟ್ಟಿಸುತ್ತದೆ?" ಎಂಬುದು. ಇವೆರಡು ಬೇರೆ ಬೇರೆ ಪ್ರಶ್ನೆಗಳಲ್ಲವೆಂದು ನನ್ನ ಭಾವನೆ. ಎರಡಕ್ಕೂ ಉತ್ತರ ನಮ್ಮ ಮನೆಗಳ ಚರಿತ್ರೆಯಲ್ಲಿದೆ.

ಕಂಕನಾಡಿಯಿಂದ ಜೆಪ್ಪು ದೂರವೇನಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಆ ಕೆಂಪು ಹೆಂಚು ಊರಿನ ಹೆಸರನ್ನೇ ಹೊತ್ತು ದೂರದೇಶಗಳಿಗೆ ಹೋಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದು ನಮ್ಮ ಮನೆಯೊಳಗೆ ಮಾಡಿದ ಬದಲಾವಣೆ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮುಳಿಹುಲ್ಲಿನ ಮಾಡನ್ನು ವರ್ಷ ವರ್ಷವೂ ಹೊದೆಸಬೇಕಿತ್ತು. ಬೆಂಕಿಯ ಭಯ ಬೇರೆ. ಹೆಂಚು ಬಂದ ಮೇಲೆ ಮಾಡಿನ ಇಳಿಜಾರಿನ ಕೆಳಗಿನ ಅಟ್ಟ ವರ್ಷವಿಡೀ ನಂಬಿ ಸಾಮಾನಿಡಬಹುದಾದ ಜಾಗವಾಯಿತು.

ಆ ಮನೆಗಳಲ್ಲಿ ಯಾವ ವಸ್ತು ಎಲ್ಲಿರುತ್ತಿತ್ತೆಂಬುದನ್ನು ನೆನಪಿಸಿಕೊಳ್ಳಿ. ಭತ್ತ ಪತ್ತಾಯದಲ್ಲಿ, ಬೈಹುಲ್ಲಿನಿಂದ ಬಿಗಿದ ಅಕ್ಕಿಮುಡಿಗಳು ಅಟ್ಟದಲ್ಲಿ. ಒಂದು ಮುಡಿಯೆಂದರೆ ೪೨ ಸೇರು. ಮಾವಿನ ಮಿಡಿ, ಉಪ್ಪುನೀರಿನ ಹಲಸಿನ ಸೊಳೆ ಕತ್ತಲೆ ಕೋಣೆಯ ಭರಣಿಗಳಲ್ಲಿ. ಹಾಲು ಮೊಸರು ನೆಲುವಿನಲ್ಲಿ. ದೀಪ, ಪಂಚಾಂಗ, ವೀಳ್ಯದ ಸಾಮಗ್ರಿ ಗೋಡೆಯ ಗೂಡುಗಳಲ್ಲಿ. ಮದುವೆ ಮುಂಜಿಗಳಿಗೆ ಬೇಕಾಗುವ ಹಂಡೆ, ಕಡಾಯಿ, ಕೊಪ್ಪರಿಗೆಗಳು ಅಟ್ಟದ ಮೂಲೆಯಲ್ಲಿ ಬೋರಲು. ರಾತ್ರಿ ಹತ್ತು ಜನ ಮಲಗಿದ ಚಾವಡಿಯಲ್ಲಿ ಬೆಳಗಾಗುವಾಗ ಸುರುಳಿ ಸುತ್ತಿಟ್ಟ ಚಾಪೆಗಳ ಹೊರತು ಏನೂ ಇರುತ್ತಿರಲಿಲ್ಲ. ಅದೇ ಚಾವಡಿಯಲ್ಲಿ ಊಟಕ್ಕೆ ಎಲೆ ಹಾಕಿದರೆ, ಊಟವಾದ ಮೇಲೆ ಎಲೆ ದನಗಳ ಪಾಲು. ತೊಳೆದು ಜೋಡಿಸಿಡುವ ತಟ್ಟೆಗಳ ಸಾಲಿಲ್ಲ. ಒಂದೇ ಕೋಣೆ ದಿನಕ್ಕೆ ಮೂರು ರೂಪ ತಾಳುತ್ತಿತ್ತು. ಪ್ರತಿ ಬಾರಿಯೂ ಬರಿದಾಗಿ ಮುಂದಿನ ರೂಪಕ್ಕೆ ಸಿದ್ಧವಾಗುತ್ತಿತ್ತು.

ಇದನ್ನು ಪೂರ್ವಿಕರ ಸರಳ ಜೀವನದ ಆದರ್ಶವೆಂದು ಹೊಗಳಿ ಬಿಡುವುದು ಸುಲಭ. ಆದರೆ ಚರಿತ್ರೆಯನ್ನು ಓದುವವರು ಕಾರಣಗಳನ್ನು ಕೇಳಬೇಕು. ಬಹುಪಾಲು ಮನೆಗಳಲ್ಲಿ ಇಡಲು ವಸ್ತುಗಳೇ ಇರಲಿಲ್ಲ. ಇದ್ದವರಿಗೆ ಮಳೆಯ ಹೆದರಿಕೆ: ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಹೊರಗಿಟ್ಟ ಬಟ್ಟೆಗೂ ಪುಸ್ತಕಕ್ಕೂ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ, ಒಲೆಯ ಹೊಗೆ ತಾಗುವ ಅಟ್ಟವೇ ಕ್ಷೇಮ. ಮೂರನೆಯ ಕಾರಣವನ್ನು ನಾವು ಗಂಡಸರು ಬರೆಯುವುದು ಕಡಿಮೆ. ಆ ಅಚ್ಚುಕಟ್ಟನ್ನು ಕಾಪಾಡುತ್ತಿದ್ದವರು ಹೆಂಗಸರು. ಕಡಿದಾದ ಏಣಿಯಲ್ಲಿ ಹತ್ತಿ ಇಳಿದು, ಇಳಿಸಿದ್ದನ್ನು ತೊಳೆದು ಮತ್ತೆ ಏರಿಸಿ, ನೆಲ ಸಾರಿಸಿ ಅವರ ಸೊಂಟ ಬಾಗಿತು. ನಾವು ನೆನೆಯುವ ಆ ಶಾಂತ ಚಾವಡಿಯ ಹಿಂದೆ ಅವರ ದುಡಿಮೆಯಿತ್ತು.

ಮುಂದೆ ಆ ವ್ಯವಸ್ಥೆ ಸಡಿಲವಾಯಿತು. ೧೯೪೯ರ ಅಳಿಯಸಂತಾನ ಕಾಯಿದೆ ಕೂಡು ಕುಟುಂಬಗಳ ಆಸ್ತಿ ಪಾಲಾಗಲು ದಾರಿ ಮಾಡಿತು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಹೊಲದೊಡೆಯನಾದನು. ಅದು ನ್ಯಾಯವೇ ಆಗಿತ್ತು. ಆದರೆ ಗೇಣಿಯ ಅಕ್ಕಿ ಬರುವುದು ನಿಂತ ಮೇಲೆ ದೊಡ್ಡ ಮನೆಗಳ ಪತ್ತಾಯಗಳಿಗೆ ಕೆಲಸವಿಲ್ಲವಾಯಿತು. ಹಂಡೆ ಕೊಪ್ಪರಿಗೆಗಳು ತೂಕದ ಲೆಕ್ಕದಲ್ಲಿ ಗುಜರಿಗೂ, ಕೆತ್ತನೆಯ ಕಂಬ ಬಾಗಿಲುಗಳು ವ್ಯಾಪಾರಿಗಳಿಗೂ ಹೋದವು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಇಂಥ ಮನೆಗಳ ಅವಶೇಷಗಳನ್ನು ಅರಸಿ ತಂದು ಮಣಿಪಾಲದಲ್ಲಿ ಹಸ್ತಶಿಲ್ಪವನ್ನು ಕಟ್ಟದಿದ್ದರೆ ಹೊಸ ತಲೆಮಾರಿಗೆ ಅವನ್ನು ನೋಡುವ ಭಾಗ್ಯವೂ ಇರುತ್ತಿರಲಿಲ್ಲ.

ಹಳೆಯವು ಹೊರಟ ಬಾಗಿಲಿನಿಂದಲೇ ಹೊಸವು ಒಳಬಂದವು. ನಮ್ಮದು ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂದು ಐದು ಬ್ಯಾಂಕುಗಳ ಕ್ಯಾಲೆಂಡರು ಗೋಡೆಗೆ ಬಂದವು. ೨೦೧೯ ಮತ್ತು ೨೦೨೦ರ ವಿಲೀನಗಳಲ್ಲಿ ಅವುಗಳ ಪೈಕಿ ಮೂರರ ಹೆಸರು ಅಳಿಯಿತು. ಗೋಡೆಯ ಮೊಳೆಗಳು ಉಳಿದಿವೆ! ಕೊಲ್ಲಿ ರಾಷ್ಟ್ರಗಳಿಗೆ ಹೋದ ಮಕ್ಕಳು ಟೇಪ್ ರೆಕಾರ್ಡರು, ಗಾಜಿನ ಲೋಟಗಳು, ಗೊಂಬೆಗಳನ್ನು ತಂದರು. ಅವನ್ನಿಡಲು ಗಾಜಿನ ಬಾಗಿಲಿನ ಶೋಕೇಸು ಬಂತು. ಅಲ್ಲಿಯವರೆಗೆ ಮನೆಯ ಸಂಪತ್ತು ಅಟ್ಟದ ಕತ್ತಲೆಯಲ್ಲಿರುತ್ತಿತ್ತು. ಈಗ ಅದು ಬಂದವರ ಕಣ್ಣಿಗೆ ಬೀಳಬೇಕಾಯಿತು. ಅದನ್ನು ಡಂಭವೆಂದು ನಾನು ಹಳಿಯಲಾರೆ. ಮರಳುಗಾಡಿನಲ್ಲಿ ಬೆವರು ಸುರಿಸಿದ ಮಗನನ್ನು ತಾಯಿ ಆ ಗಾಜಿನ ಹಿಂದೆ ಕಾಣುತ್ತಿದ್ದಳು.

ಇದೇ ಹೊತ್ತಿಗೆ ಮಾಡಿನ ಇಳಿಜಾರು ಹೋಗಿ ಕಾಂಕ್ರೀಟಿನ ಸಪಾಟು ತಾರಸಿ ಬಂತು. ಇಳಿಜಾರಿಲ್ಲದ ಮೇಲೆ ಅಟ್ಟವೆಲ್ಲಿಂದ ಬರಬೇಕು? ಇಂದು ಫಾದರ್ ಮುಲ್ಲರ್ ಆಸ್ಪತ್ರೆಯಿಂದ ಕಂಕನಾಡಿ ಮಾರುಕಟ್ಟೆಯ ಕಡೆಗೆ ನಡೆದರೆ ಹೆಂಚಿನ ಮಾಡಿಗಿಂತ ಬಹುಮಹಡಿಗಳೇ ಕಣ್ಣಿಗೆ ಬೀಳುತ್ತವೆ. ವಸ್ತುಗಳು ಹೆಚ್ಚಾದ ಕಾಲದಲ್ಲಿಯೇ ಅವುಗಳನ್ನು ಮರೆಯಲ್ಲಿಡುವ ಜಾಗ ಇಲ್ಲವಾಯಿತು. ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದೇ.

ಹಾಗಾದರೆ ಮನೆಯನ್ನು ಬರಿದು ಮಾಡುವುದೇ ಪರಿಹಾರವೇ? ಅಲ್ಲ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿಯವರು ೧೮೯೯ರಲ್ಲಿ ಆರಂಭಿಸಿ ಗೋಡೆಗಳನ್ನೂ ಛಾವಣಿಯನ್ನೂ ಚಿತ್ರಗಳಿಂದ ತುಂಬಿಸಿದರು. ಅಲ್ಲಿ ಕುಳಿತರೆ ಕಣ್ಣು ದಣಿಯುವುದಿಲ್ಲ, ಏಕೆಂದರೆ ಪ್ರತಿ ಚಿತ್ರಕ್ಕೂ ಅದರದೇ ಚೌಕಟ್ಟು, ಅದರದೇ ಸ್ಥಾನವಿದೆ. ಜಪಾನಿನ ಸಿರಿವಂತರು ತಮ್ಮ ಕಲಾವಸ್ತುಗಳನ್ನು 'ಕುರಾ' ಎಂಬ ಪ್ರತ್ಯೇಕ ಉಗ್ರಾಣದಲ್ಲಿಟ್ಟು, ಋತುವಿಗೆ ಒಪ್ಪುವ ಒಂದೇ ಚಿತ್ರಪಟವನ್ನು ತಂದು ಕೋಣೆಯಲ್ಲಿ ತೂಗಹಾಕುತ್ತಿದ್ದರು. ಹಬ್ಬಕ್ಕೆ ಮಾತ್ರ ಅಟ್ಟದಿಂದಿಳಿಯುತ್ತಿದ್ದ ನಮ್ಮ ಕಾಲುದೀಪದ ಕ್ರಮವೂ ಇದೇ ಅಲ್ಲವೇ? ಎಲ್ಲವೂ ಒಮ್ಮೆಗೇ ಕಣ್ಣಿನ ಮುಂದೆ ಇರಬೇಕಿಲ್ಲ.

ಇನ್ನು ಮೊದಲನೆಯ ಪ್ರಶ್ನೆ. ಮನೆ ತೆರವು ಮಾಡುವ ಮೊದಲು ಸಾಮಾನುಗಳನ್ನು ಮೂರು ಪಾಲು ಮಾಡಿ: ದಿನವೂ ಬೇಕಾದವು, ವರ್ಷಕ್ಕೊಮ್ಮೆ ಬೇಕಾದವು, ಎಂದೂ ಬೇಡವಾದವು. ಮೊದಲನೆಯವು ಕೈಗೆಟಕುವಲ್ಲಿರಲಿ. ಎರಡನೆಯವಕ್ಕೆ ಬಾಗಿಲಿರುವ ಒಂದು ಕಪಾಟು ಸಾಕು. ಅದೇ ನಿಮ್ಮ ಅಟ್ಟ. ಮೂರನೆಯವನ್ನು ಬಳಸುವವರಿಗೆ ಕೊಟ್ಟುಬಿಡಿ. ಈ ಕೆಲಸವನ್ನು ಮನೆಯ ಹೆಂಗಸರೊಬ್ಬರ ತಲೆಗೆ ಕಟ್ಟದೆ ಎಲ್ಲರೂ ಕೂಡಿ ಮಾಡಿ.

ಆದರೆ ಕಾಗದಪತ್ರಗಳ ವಿಷಯದಲ್ಲಿ ಆತುರ ಬೇಡ. ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿಗಳನ್ನು ಕಷ್ಟಪಟ್ಟು ಓದಿ ಸಂಪಾದಿಸಿದ್ದರಿಂದ ತುಳುವಿನ ಹಳೆಯ ಕಾವ್ಯಗಳು ಬೆಳಕು ಕಂಡವು. ಯಾರೋ ಅವನ್ನು ಕಸವೆಂದು ಒಲೆಗೆ ಹಾಕದೆ ಉಳಿಸಿಕೊಂಡಿದ್ದರು. ನಿಮ್ಮ ಅಟ್ಟದಲ್ಲಿ ಕಾವ್ಯ ಇಲ್ಲದಿರಬಹುದು. ಗೇಣಿಚೀಟಿ, ಮದುವೆಯ ಖರ್ಚಿನ ಪಟ್ಟಿ, ಮುಂಬಯಿಯಿಂದ ಬರೆದ ಕಾರ್ಡು, ಹೆಸರು ಬರೆಯದ ಫೋಟೋ ಇದ್ದೇ ಇರುತ್ತವೆ. ಹಿರಿಯರು ಇರುವಾಗಲೇ ಅವರ ಪಕ್ಕ ಕುಳಿತು ಫೋಟೋದ ಹಿಂದೆ ಹೆಸರುಗಳನ್ನು ಬರೆದಿಡಿ. ಹಂಡೆಯನ್ನು ಮಾರಿದರೆ ಇನ್ನೊಂದನ್ನು ಕೊಳ್ಳಬಹುದು. ಆ ಹೆಸರುಗಳನ್ನು ಹೇಳಬಲ್ಲವರು ಹೋದ ಮೇಲೆ ಯಾವ ಅಂಗಡಿಯಲ್ಲೂ ಅವು ಸಿಗಲಾರವು.