ಹಳೆ ಕಾರಿನ ಸ್ವಯಂ ಮಾರ್ಪಾಡು

ಕಂಪನಿ ಕೊಟ್ಟ ಕಾರನ್ನು ಮಾಲೀಕನೇ ಹತ್ಯಾರ ಹಿಡಿದು ತನ್ನ ಅಗತ್ಯಕ್ಕೆ ಒಗ್ಗಿಸಿಕೊಳ್ಳುವ ಕೆಲಸವೇ ಸ್ವಯಂ ಮಾರ್ಪಾಡು. ಕಲಿಯುವವರಿಗೆ ಮಾರುತಿ 800 ಒಳ್ಳೆಯ ಪಾಠಶಾಲೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರಿನದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್; ರಚನೆ ಸರಳ.

ಯಾವ ಮಾರ್ಪಾಡು ಮೊದಲು ಎಂಬುದನ್ನು ಊರಿನ ಅಗತ್ಯವೇ ಹೇಳುತ್ತದೆ. ಉದಾಹರಣೆಗೆ, ಚಿಕ್ಕೋಡಿ ತಾಲೂಕಿನ ಅಂಕಲಿ ಕೃಷ್ಣಾ ತೀರದ ಕಬ್ಬಿನ ಸೀಮೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರ್‌ಗಳು ರಾತ್ರಿಯೂ ಓಡಾಡುವ ಇಂಥ ಕಡೆ ಮೊದಲು ಬೇಕಾದದ್ದು ಒಳ್ಳೆಯ ಬೆಳಕು. ಹಳೆ ಕಾರಿನ ಹೆಡ್‌ಲೈಟ್ ಮಂಕಾಗಲು ಎಷ್ಟೋ ಸಲ ಕಾರಣ ಬಲ್ಬ್ ಅಲ್ಲ. ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥಿಂಗ್. 60 ವ್ಯಾಟಿನ ಎರಡು ಬಲ್ಬ್‌ಗಳು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಈ ಹೊರೆಯನ್ನು ಸ್ವಿಚ್ಚಿನಿಂದ ಇಳಿಸುವುದೇ ರಿಲೇ. ಸಾಮಾನ್ಯ ಜೋಡಣೆಯಲ್ಲಿ ಅದರ 30ನೇ ತುದಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಹಳೆ ಸ್ವಿಚ್ಚಿನ ತಂತಿ, 85 ಕಾರಿನ ಲೋಹದ ಮೈಗೆ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಬೇಕು; ಇಲ್ಲದಿದ್ದರೆ ಉಜ್ಜಿದ ತಂತಿಯೊಂದೇ ಬೆಂಕಿಗೆ ಸಾಕು.

ಮಾರ್ಪಾಡಿಗೆ ಕಾನೂನಿನ ಮಿತಿಯೂ ಇದೆ. ಸೀಟಿನ ಹೊದಿಕೆ, ಸಂಗೀತ ವ್ಯವಸ್ಥೆಗೆ ತೊಡಕಿಲ್ಲ.

ಕಾರಿನ ಮೂಲ ರಚನೆಗೆ ಕೈಹಾಕುವುದು ಬೇರೆ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಿಎನ್‌ಜಿಗೆ ಬದಲಿಸುವವರು ಅನುಮೋದಿತ ಕಿಟ್ಟನ್ನೇ ಹಾಕಿಸಿ, ಸಾರಿಗೆ ಕಚೇರಿಗೆ ಹೋಗಿ ಅದನ್ನು ಆರ್‌ಸಿಯಲ್ಲಿ (ನೋಂದಣಿ ಪತ್ರ) ಬರೆಸಬೇಕು. ಅಂಕಲಿಯ ಕಾರುಗಳಿಗೆ ಆ ಕಚೇರಿ ಚಿಕ್ಕೋಡಿಯಲ್ಲಿದೆ. ಅದರ ನೋಂದಣಿ ಸಂಕೇತ ಕೆಎ 23.