ಕಂಪ್ಯೂಟರ್ ವ್ಯವಸ್ಥೆ ನಿರ್ವಹಣೆ: ರಾಯಚೂರು ಜಿಲ್ಲೆಯ ವಿದ್ಯಾರ್ಥಿಗಳು ಕಾಲೇಜು ಆರಿಸುವುದು ಹೇಗೆ?

ರಾಯಚೂರು: ಎಸ್ಸೆಸ್ಸೆಲ್ಸಿ ಹಾಗೂ ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ಕಂಪ್ಯೂಟರ್ ಕೋರ್ಸುಗಳ ಜಾಹೀರಾತುಗಳು ಊರೂರಿನ ಗೋಡೆಗಳನ್ನು ತುಂಬುವುದು ವಾಡಿಕೆ. ‘ನೂರಕ್ಕೆ ನೂರು ಉದ್ಯೋಗ’ ಎಂಬ ಮಾತನ್ನು ನಂಬಿ ಮಕ್ಕಳನ್ನು ದೂರದ ನಗರಕ್ಕೆ ಕಳುಹಿಸುವ ಪೋಷಕರಲ್ಲಿ ಮಳೆಯಾಶ್ರಿತ ರೈತರೂ ಇದ್ದಾರೆ, ಕೂಲಿಕಾರರೂ ಇದ್ದಾರೆ. ಆಯ್ಕೆ ತಪ್ಪಿದರೆ ಹೋಗುವುದು ಮೂರು ನಾಲ್ಕು ವರ್ಷ ಮಾತ್ರವಲ್ಲ, ಮನೆಯ ಮೇಲೆ ಸಾಲವೂ ಉಳಿಯುತ್ತದೆ. ಆದ್ದರಿಂದ ಕಾಲೇಜಿನ ಹೆಸರು ಕೇಳುವ ಮೊದಲು ಕೆಲಸದ ಸ್ವರೂಪ, ಅದಕ್ಕಿರುವ ದಾರಿಗಳು ಮತ್ತು ತಮಗಿರುವ ಹಕ್ಕುಗಳನ್ನು ಅರಿಯುವುದು ಅವಶ್ಯ.

ಏನಿದು ಕೆಲಸ?

ಕಂಪ್ಯೂಟರ್ ಎಂದೊಡನೆ ಪ್ರೋಗ್ರಾಂ ಬರೆಯುವುದೇ ನೆನಪಾಗುತ್ತದೆ. ವ್ಯವಸ್ಥೆ ನಿರ್ವಹಣೆ ಅದಕ್ಕಿಂತ ಭಿನ್ನವಾದ ವೃತ್ತಿ. ಸಂಸ್ಥೆಯೊಂದರ ಸರ್ವರ್, ನೆಟ್‌ವರ್ಕ್ ಮತ್ತು ದತ್ತಾಂಶ ಸಂಗ್ರಹಗಳು ಹಗಲಿರುಳು ನಡೆಯುವಂತೆ ನೋಡಿಕೊಳ್ಳುವುದು, ಬ್ಯಾಕಪ್ ಇಡುವುದು, ಯಾರಿಗೆ ಎಷ್ಟು ಪ್ರವೇಶಾಧಿಕಾರ ಎಂಬುದನ್ನು ನಿಯಂತ್ರಿಸುವುದು, ಕೆಟ್ಟಾಗ ಬೇಗ ಸರಿಪಡಿಸುವುದು ಈ ವೃತ್ತಿಯವರ ಹೊಣೆ.

ಇದರ ಮಹತ್ವ ತಿಳಿಯುವುದು ವ್ಯವಸ್ಥೆ ನಿಂತಾಗಲೇ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದಾಗ ರೋಗಿಗಳ ನೋಂದಣಿಯನ್ನು ದಿನಗಟ್ಟಲೆ ಕೈಬರಹದಲ್ಲೇ ನಡೆಸಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಸ್ಥಗಿತಗೊಂಡವು. ಅವುಗಳಲ್ಲಿ ಅನೇಕವನ್ನು ತಂತ್ರಜ್ಞರು ಒಂದೊಂದಾಗಿ ಸರಿಪಡಿಸಬೇಕಾಯಿತು.

ನಾಲ್ಕು ದಾರಿಗಳು

ಈ ವೃತ್ತಿಗೆ ಬಿ.ಇ. ಒಂದೇ ಬಾಗಿಲಲ್ಲ.

* ಐಟಿಐ: ಎಸ್ಸೆಸ್ಸೆಲ್ಸಿ ನಂತರ ‘ಕೋಪಾ’ ಎಂದು ಕರೆಯಲಾಗುವ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ತರಬೇತಿ ಒಂದು ವರ್ಷದ್ದು. ಖರ್ಚು ಕಡಿಮೆ, ಆದರೆ ಇದು ಆರಂಭದ ಮೆಟ್ಟಿಲು ಮಾತ್ರ.

* ಡಿಪ್ಲೊಮಾ: ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ವ್ಯಾಸಂಗ. ಇಲ್ಲಿ ತೇರ್ಗಡೆಯಾದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ವಿಜ್ಞಾನದ ಟ್ಯೂಷನ್ ವೆಚ್ಚ ಭರಿಸಲಾಗದ ಕುಟುಂಬಗಳಿಗೆ ಇದು ಅನುಕೂಲಕರ.

* ಬಿಸಿಎ: ಪಿಯುಸಿ ನಂತರದ ಪದವಿ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಗೆ ಬಂದಿದೆ. ಅದೇ ವರ್ಷದಿಂದ ಬಿಸಿಎ ಕೋರ್ಸನ್ನೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಮುಂದೆ ಎರಡು ವರ್ಷದ ಎಂಸಿಎ ಮಾಡಬಹುದು. ಎಂಸಿಎ ಪ್ರವೇಶಕ್ಕೆ ಗಣಿತದ ಹಿನ್ನೆಲೆಯನ್ನು ಕೇಳುವುದರಿಂದ ಕಲಾ, ವಾಣಿಜ್ಯ ವಿಭಾಗದವರು ಈ ನಿಯಮವನ್ನು ಮೊದಲೇ ತಿಳಿದಿರಬೇಕು.

* ಬಿ.ಇ.: ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯ ವಿಷಯ ರಸಾಯನಶಾಸ್ತ್ರ, ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ವಿಜ್ಞಾನ ಆಗಿರಬಹುದು. ಸಿಇಟಿ ರ‍್ಯಾಂಕ್‌ಗೆ ಪಿಯುಸಿ ಅಂಕಗಳೂ ಅರ್ಧದಷ್ಟು ಸೇರುತ್ತವೆ.

ಜಿಲ್ಲೆಯಲ್ಲೇ ಏನಿದೆ?

ಯರಮರಸ್ ಬಳಿ 2007ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. ಶುಲ್ಕದ ದೃಷ್ಟಿಯಿಂದ ಮೊದಲು ಪರಿಶೀಲಿಸಬೇಕಾದ ಸಂಸ್ಥೆ ಇದು. ನಗರದಲ್ಲಿ ಎಸ್‌ಎಲ್‌ಎನ್, ನವೋದಯ ಮುಂತಾದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿವೆ. ದೇವದುರ್ಗ ಮತ್ತು ಮಾನ್ವಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಅಧೀನದಲ್ಲಿದ್ದು, ಈಗ ರಾಯಚೂರಿನದೇ ಆದ ಆದಿಕವಿ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದಿವೆ. ಯಾವ ಕಾಲೇಜಿನಲ್ಲಿ ಯಾವ ಕೋರ್ಸು ಈ ವರ್ಷ ನಡೆಯುತ್ತಿದೆ ಎಂಬುದನ್ನು ಅರ್ಜಿ ಹಾಕುವ ಮುನ್ನ ಕಾಲೇಜಿನ ಕಚೇರಿಯಲ್ಲೇ ವಿಚಾರಿಸಬೇಕು.

2019ರಲ್ಲಿ ಐಐಟಿ ಹೈದರಾಬಾದ್ ಮಾರ್ಗದರ್ಶನದಲ್ಲಿ ಆರಂಭವಾದ ರಾಯಚೂರು ಐಐಐಟಿಗೆ 2020ರ ಕಾಯ್ದೆಯ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಮಾನ್ಯತೆ ದೊರೆತಿದೆ. ಆದರೆ ಇಲ್ಲಿ ಪ್ರವೇಶ ಜೆಇಇ ಮೇನ್ ಮೂಲಕ, ಅಖಿಲ ಭಾರತ ಮಟ್ಟದಲ್ಲಿ. ಸ್ಥಳೀಯರಿಗೆ ಪ್ರತ್ಯೇಕ ಸೀಟುಗಳಿಲ್ಲ.

371(ಜೆ): ಮರೆಯಬಾರದ ಪತ್ರ

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯ ಅನ್ವಯ 2013ರ ಆದೇಶವು ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70ರಷ್ಟು ಹಾಗೂ ಪ್ರದೇಶದ ಹೊರಗೆ ಶೇ 8ರಷ್ಟು ಸೀಟುಗಳನ್ನು ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲಿರಿಸಿದೆ. ಅಂದರೆ ದೇವದುರ್ಗದ ವಿದ್ಯಾರ್ಥಿ ಬೆಂಗಳೂರಿನ ಕಾಲೇಜಿಗೆ ಪ್ರಯತ್ನಿಸುವಾಗಲೂ ಈ ಹಕ್ಕು ಜೊತೆಗಿರುತ್ತದೆ. ಇದಕ್ಕೆ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿಯ ಹೊತ್ತಿಗೆ ಅದು ಕೈಯಲ್ಲಿ ಇಲ್ಲದಿದ್ದರೆ ಒಳ್ಳೆಯ ರ‍್ಯಾಂಕ್ ಇದ್ದರೂ ಮೀಸಲು ಸೀಟು ತಪ್ಪಬಹುದು. ಜಾತಿ, ಆದಾಯ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನೂ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಬೋಧನಾ ಶುಲ್ಕ ವಿನಾಯಿತಿಯ ಶೇ 5 ಹೆಚ್ಚುವರಿ ಸೀಟುಗಳೂ ಇವೆ.

ಕಾಲೇಜಿಗೆ ಹೋಗಿ ಕೇಳಬೇಕಾದದ್ದು

ಕಟ್ಟಡ ನೋಡಿ ಮರುಳಾಗಬಾರದು. ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು:

* ಕೋರ್ಸಿಗೆ ಈ ವರ್ಷದ ಎಐಸಿಟಿಇ ಅನುಮೋದನೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ?

* ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ ಸಂಬಂಧಿಸಿದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ತಾವು ಸೇರುವ ವಿಭಾಗಕ್ಕೇ ಎನ್‌ಬಿಎ ಇದೆಯೇ?

* ಪ್ರಯೋಗಾಲಯದಲ್ಲಿ ಲಿನಕ್ಸ್ ಸರ್ವರ್, ರೌಟರ್, ಸ್ವಿಚ್‌ಗಳಿವೆಯೇ? ವಿದ್ಯಾರ್ಥಿಗಳು ಅವನ್ನು ಕೈಯಾರೆ ಜೋಡಿಸಿ ಕಲಿಯುತ್ತಾರೆಯೇ, ಅಥವಾ ನೋಡುವುದಷ್ಟೆಯೇ?

* ಕಾಯಂ ಬೋಧಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು?

* ‘ಉದ್ಯೋಗ ದೊರೆತವರ’ ಪಟ್ಟಿಯಲ್ಲಿ ಕಂಪನಿ, ಹುದ್ದೆ, ಸಂಬಳ ಸ್ಪಷ್ಟವಾಗಿವೆಯೇ?

ಕೊನೆಯ ಪ್ರಶ್ನೆಗೆ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿದರೆ ನಿಜವಾದ ಉತ್ತರ ಸಿಗುತ್ತದೆ. ಮಾನ್ವಿ ರಾಯಚೂರಿನಿಂದ ಸುಮಾರು 45 ಕಿ.ಮೀ., ದೇವದುರ್ಗ ಸುಮಾರು 55 ಕಿ.ಮೀ. ದೂರದಲ್ಲಿವೆ. ನಿತ್ಯ ಬಸ್ಸಿನಲ್ಲಿ ಓಡಾಡುವವರಿಗೆ ಪ್ರಯೋಗಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬುದಕ್ಕಿಂತ ಹಾಸ್ಟೆಲ್ ದೊರೆಯುತ್ತದೆಯೇ ಎಂಬುದೇ ಮುಖ್ಯ. ವಿಶೇಷವಾಗಿ ಹೆಣ್ಣುಮಕ್ಕಳ ಓದು ಮುಂದುವರಿಯುವುದೂ ನಿಲ್ಲುವುದೂ ಹಲವು ಬಾರಿ ಇದರ ಮೇಲೆಯೇ ನಿಂತಿರುತ್ತದೆ.

ಖಾಸಗಿ ಪ್ರಮಾಣಪತ್ರಗಳು

ಸಿಸ್ಕೊದ ಸಿಸಿಎನ್‌ಎ, ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಮುಂತಾದ ಪ್ರಮಾಣಪತ್ರಗಳಿಗೆ ಈ ಕ್ಷೇತ್ರದಲ್ಲಿ ಬೆಲೆಯಿದೆ. ಆದರೆ ಇವುಗಳ ಅವಧಿ ಮೂರು ವರ್ಷ ಮಾತ್ರ. ಪದವಿಯ ಮೊದಲ ವರ್ಷದಲ್ಲೇ ಹಣ ತೆತ್ತು ಪರೀಕ್ಷೆ ಬರೆದರೆ ಕೆಲಸ ಹುಡುಕುವ ಹೊತ್ತಿಗೆ ಅವಧಿ ಮುಗಿದಿರಬಹುದು. ಅಂತಿಮ ವರ್ಷವೇ ಸೂಕ್ತ ಕಾಲ. ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ 2021ರ ಜನವರಿಯಲ್ಲೇ ರದ್ದಾಗಿದೆ. ಇನ್ನೂ ಅದರ ಹೆಸರಿನಲ್ಲಿ ಶುಲ್ಕ ಕೇಳುವ ಕೇಂದ್ರಗಳಿಂದ ದೂರವಿರಬೇಕು. ಮೂಲಪಾಠಗಳನ್ನು ಸ್ವಯಂ, ಎನ್‌ಪಿಟಿಇಎಲ್ ತಾಣಗಳಲ್ಲಿ ಉಚಿತವಾಗಿ ಕಲಿಯಬಹುದು.

ಕೆಲಸ ಎಲ್ಲಿ?

ಹೆಚ್ಚಿನ ಅವಕಾಶಗಳು ಬೆಂಗಳೂರು ಮತ್ತು ರಾಯಚೂರಿಗೆ ಅದಕ್ಕಿಂತ ಹತ್ತಿರವಿರುವ ಹೈದರಾಬಾದಿನಲ್ಲಿವೆ ಎಂಬುದು ನಿಜ. ಹಾಗೆಂದು ಜಿಲ್ಲೆಯಲ್ಲಿ ಕಂಪ್ಯೂಟರ್ ವ್ಯವಸ್ಥೆಗಳೇ ಇಲ್ಲವೆಂದಲ್ಲ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಹಟ್ಟಿ ಚಿನ್ನದ ಗಣಿ, ಕೃಷಿ ವಿಶ್ವವಿದ್ಯಾಲಯ, ರಿಮ್ಸ್ ಆಸ್ಪತ್ರೆ, ಬ್ಯಾಂಕುಗಳು, ತಾಲ್ಲೂಕು ಕಚೇರಿಯ ‘ಭೂಮಿ’ ಕೇಂದ್ರ ಎಲ್ಲವೂ ಸರ್ವರ್ ಮತ್ತು ಜಾಲಸಂಪರ್ಕವನ್ನೇ ನಂಬಿವೆ. ರಾಜ್ಯ ಸರ್ಕಾರದ ಪ್ರಾದೇಶಿಕ ವೃಂದದ ನೇಮಕಾತಿಯಲ್ಲಿ 371(ಜೆ) ಅಡಿ ‘ಎ’ ಮತ್ತು ‘ಬಿ’ ಗುಂಪಿನಲ್ಲಿ ಶೇ 75, ‘ಸಿ’ ಗುಂಪಿನಲ್ಲಿ ಶೇ 80 ಮೀಸಲಾತಿಯೂ ಇದೆ.

ದೊಡ್ಡ ನಗರದ ಹೆಸರಿಲ್ಲದ ಕಾಲೇಜಿಗೆ ದುಬಾರಿ ಶುಲ್ಕ ತೆರುವುದಕ್ಕಿಂತ, ಮಾನ್ಯತೆಯುಳ್ಳ, ಪ್ರಯೋಗಾಲಯ ಗಟ್ಟಿಯಾಗಿರುವ ಹತ್ತಿರದ ಕಾಲೇಜು ಮೇಲು. ಕಾಲೇಜು ಯಾವುದೇ ಇರಲಿ, ಸಂದರ್ಶನದಲ್ಲಿ ಕೇಳುವುದು ಕೆಟ್ಟ ಸರ್ವರ್ ಅನ್ನು ಸರಿಪಡಿಸಲು ಬರುತ್ತದೆಯೇ ಎಂಬುದನ್ನು. ಅದನ್ನು ಕಲಿಸುವ ಕಾಲೇಜನ್ನೇ ಆರಿಸಬೇಕು.